ಸೀಸೆಗೆ ಸಿಗದ ಹೊಳೆ

ಹಿರೇಗುತ್ತಿ ಎರಡು ಹೊಳೆಗಳ ನಡುವಿನ ಊರು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಆದರೆ ಇಲ್ಲಿ ಯಾರಾದರೂ ‘ಹೊಳೆಗೆ ಹೋಗಿದ್ದೆ’ ಅಂದರೆ ಅದು ಅಘನಾಶಿನಿಯೇ. ಗಜನಿ ಗದ್ದೆಗೆ ಉಪ್ಪುನೀರು ಏರಿಸುವುದು, ಶೆಟ್ಲಿ ಏಡಿ ಕೊಡುವುದು, ಮಳೆಗಾಲದಲ್ಲಿ ಒಡ್ಡು ಒಡೆದು ನಿದ್ದೆಗೆಡಿಸುವುದು ಎಲ್ಲ ಅದೇ. ಈ ಹೊಳೆ ಆರೋಗ್ಯವಾಗಿದೆಯೇ ಎಂದು ಕೇಳಿದರೆ ಇವತ್ತು ಉತ್ತರ ಕೊಡುವವರು ಮೂವರಿದ್ದಾರೆ: ನೀರಿನ ಮಾದರಿ ತೆಗೆಯುವ ಸರ್ಕಾರಿ ವ್ಯವಸ್ಥೆ, ಎರಡು ದಶಕಗಳಿಂದ ಈ ಅಳಿವೆಯನ್ನು ಓದುತ್ತಿರುವ ವಿಜ್ಞಾನಿಗಳು, ಮತ್ತು ಇಳಿತದ ಹೊತ್ತಿಗೆ ಕೆಸರಿಗಿಳಿಯುವ ಹೆಂಗಸರು. ಮೂವರ ಉತ್ತರವೂ ಒಂದೇ ಅಲ್ಲ. ಯಾರ ಅಳತೆ ಹೊಳೆಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ಸರ್ಕಾರಿ ಅಳತೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಕಾನೂನಿನ ಮುಂದೆ ನಿಲ್ಲುವುದು ಅದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ಎ ಇಂದ ಇ ತನಕ ಐದು ದರ್ಜೆಗೆ ಹಾಕುತ್ತದೆ. ಸೋಂಕು ನಿವಾರಿಸಿದರೆ ಸಾಕು, ಬೇರೆ ಶುದ್ಧೀಕರಣವಿಲ್ಲದೆ ಕುಡಿಯಬಹುದಾದದ್ದು ಎ, ಸ್ನಾನಕ್ಕೆ ಬಿ, ಶುದ್ಧೀಕರಿಸಿ ಕುಡಿಯಲು ಸಿ, ಮೀನು ಮತ್ತು ವನ್ಯಜೀವಿಗೆ ಡಿ, ನೀರಾವರಿಗೆ ಇ. ದರ್ಜೆ ನಿರ್ಧರಿಸುವುದು ಮುಖ್ಯವಾಗಿ ಕರಗಿದ ಆಮ್ಲಜನಕ, ಬಿಒಡಿ, ಪಿಎಚ್ ಮತ್ತು ಕೋಲಿಫಾರ್ಮ್ ಸಂಖ್ಯೆ. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಲೆಕ್ಕ. ಸೀಸೆಯ ಬಾಯಿ ಬಿಗಿದು, ಕತ್ತಲಲ್ಲಿ, 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು, ಮೊದಲೆಷ್ಟಿತ್ತು ಈಗೆಷ್ಟಿದೆ ಎಂದು ನೋಡುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ಹರಿವು ‘ಮಲಿನ’ ಎಂದು ಪಟ್ಟಿಗೆ ಸೇರುತ್ತದೆ. 2018ರಲ್ಲಿ ದೇಶದಲ್ಲಿ ಇಂಥ 351 ಹರಿವುಗಳನ್ನು ಗುರುತಿಸಲಾಗಿತ್ತು. ಕರ್ನಾಟಕದ ಪಾಲು 17. ನಮ್ಮ ಜಿಲ್ಲೆಯ ಕಾಳಿ ಅದರಲ್ಲಿತ್ತು, ಅಘನಾಶಿನಿ ಇರಲಿಲ್ಲ.

ಈ ವಿಧಾನ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ಕೊಳವೆ ಹೊಳೆಗೆ ಬಿದ್ದಿದೆಯೇ, ಪಟ್ಟಣದ ಚರಂಡಿ ಸೇರಿದೆಯೇ ಎಂದು ಹಿಡಿಯಲು ಇದಕ್ಕಿಂತ ಅಗ್ಗದ, ನ್ಯಾಯಾಲಯದಲ್ಲಿ ನಿಲ್ಲುವ ಉಪಾಯ ಬೇರೆ ಇಲ್ಲ. ಕಾಳಿಗೆ, ತುಂಗಭದ್ರೆಗೆ, ಅರ್ಕಾವತಿಗೆ ಅದು ಬೇಕೇ ಬೇಕು. ತೊಂದರೆ ಬರುವುದು ಅದನ್ನು ಆರೋಗ್ಯದ ಪ್ರಮಾಣಪತ್ರವಾಗಿ ಓದಿದಾಗ. ಪಟ್ಟಿಯಲ್ಲಿ ಹೆಸರಿಲ್ಲ, ಹಾಗಾಗಿ ಹೊಳೆ ಚೆನ್ನಾಗಿದೆ ಎಂಬ ಮಾತನ್ನು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಜ್ವರ ಇಲ್ಲದವನಿಗೆ ಯಾವ ಕಾಯಿಲೆಯೂ ಇಲ್ಲ ಎಂದ ಹಾಗಾಯಿತು.

ಒಮ್ಮೆ ದೀವಗಿ ಸೇತುವೆಯ ಮೇಲೆ ನೀರಿನ ಮಾದರಿ ತೆಗೆಯುವುದನ್ನು ನೋಡುತ್ತ ನಿಂತಿದ್ದೆ. ಹಗ್ಗ ಕಟ್ಟಿದ ಪಾತ್ರೆ ಇಳಿಸಿ, ನೀರು ಎತ್ತಿ, ಸೀಸೆ ತುಂಬಿ, ಚೀಟಿ ಅಂಟಿಸಿ ಹತ್ತು ನಿಮಿಷದಲ್ಲಿ ಜೀಪು ಹತ್ತಿದರು. ಚೀಟಿಯಲ್ಲಿ ದಿನಾಂಕ ಇತ್ತು, ಜಾಗ ಇತ್ತು. ಭರತವೋ ಇಳಿತವೋ ಎಂಬುದು ಇರಲಿಲ್ಲ. ಆ ಹೊತ್ತಿಗೆ ಭರತ ಏರುತ್ತಿತ್ತು. ಅವರು ಒಯ್ದದ್ದರಲ್ಲಿ ಶಿರಸಿ ಕಡೆಯ ನೀರೆಷ್ಟು, ಅರಬ್ಬೀ ಸಮುದ್ರದ ನೀರೆಷ್ಟು ಎಂದು ಆ ಸೀಸೆ ಯಾರಿಗೂ ಹೇಳಲಾರದು. 27 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು; ಅದೇ ಉಷ್ಣತೆಯ ಸಮುದ್ರದ ನೀರು ಹಿಡಿಯುವುದು ಆರೂವರೆಯಷ್ಟು. ಉಪ್ಪು ಏರಿದ ಮಾತ್ರಕ್ಕೇ ಅಂಕಿ ಇಳಿಯುತ್ತದೆ. ಅಳಿವೆಯಲ್ಲಿ ಆರು ತಾಸಿಗೊಮ್ಮೆ ಹೊಳೆಯೇ ಬದಲಾಗುತ್ತದೆ. ಅಲ್ಲಿ ತಿಂಗಳಿಗೊಂದು ಸೀಸೆ ಏನು ಹೇಳೀತು?

ಮಂಡಳಿಯ ಪುಸ್ತಕದಲ್ಲೇ ಇದಕ್ಕಿಂತ ಒಪ್ಪುವ ಇನ್ನೊಂದು ಅಳತೆ ಇದೆ. ಕರಾವಳಿ ನೀರಿಗೆ ಎಸ್‌ಡಬ್ಲ್ಯು-1ರಿಂದ 5ರ ತನಕ ಪ್ರತ್ಯೇಕ ದರ್ಜೆಗಳಿವೆ. ಮೊದಲ ದರ್ಜೆ ಉಪ್ಪಿನಾಗರ, ಚಿಪ್ಪುಜೀವಿಗಳ ಸಂಗ್ರಹ, ಸೂಕ್ಷ್ಮ ಪ್ರದೇಶಗಳಿಗೆ ಮೀಸಲು. ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಬಳಚು ಚಿಪ್ಪು ಎರಡನ್ನೂ ಕಣ್ಣಮುಂದಿಟ್ಟು ಬರೆದಂತಿದೆ. ಅಲ್ಲಿ ಆಮ್ಲಜನಕವನ್ನು ಬರೀ ಮಿಲಿಗ್ರಾಮಿನಲ್ಲಿ ಕೇಳದೆ, ನೀರು ಹಿಡಿಯಬಲ್ಲದ್ದರಲ್ಲಿ ಶೇಕಡಾ ಎಷ್ಟಿದೆ ಎಂದೂ ಕೇಳುತ್ತಾರೆ. ಈ ಹೊಳೆಯ ಕೆಳಭಾಗದ ಚರ್ಚೆ ಈ ದರ್ಜೆಯಿಂದ ಶುರುವಾಗಬೇಕಿತ್ತು.

ಇನ್ನು ಕೆಸರಿನ ಮಾತು. ಚಳಿಗಾಲ ಕಳೆದು ಬಿಸಿಲು ಏರುವ ದಿನಗಳಲ್ಲಿ, ದೊಡ್ಡ ಇಳಿತದ ಹೊತ್ತಿಗೆ ಅಳಿವೆಯ ನಡುವೆ ಬಯಲುಗಳು ಮೇಲೇಳುತ್ತವೆ. ದೋಣಿ ಕಟ್ಟಿ ಹೆಂಗಸರು ಮೊಣಕಾಲು ನೀರಿಗಿಳಿಯುತ್ತಾರೆ. ಕೈ ಹಾಕುವ ಮೊದಲು ಕಾಲಿನಿಂದ ನೋಡುತ್ತಾರೆ. ಅಂಗಾಲು ಒತ್ತಿ ಒಂದಿಷ್ಟು ತಿರುವಿದರೆ ಬಳಚಿನ ಅಂಚು ತಾಗುತ್ತದೆ. ಬಗ್ಗಿ ಎತ್ತಿ ಬುಟ್ಟಿಗೆ. ಬುಟ್ಟಿಯನ್ನು ನೀರಲ್ಲಿ ನಾಲ್ಕು ಸಲ ಜಾಲಾಡಿಸಿದರೆ ಕೆಸರು ಹೋಗಿ ತಿಳಿ ಹಳದಿಯ ಚಿಪ್ಪು ಹೊಳೆಯುತ್ತದೆ. ಒಬ್ಬ ಹಿರಿಯಮ್ಮನ ಹತ್ತಿರ, ಈ ವರ್ಷ ಹೇಗಿದೆ ಎಂದು ಕೇಳಿದ್ದೆ. ಅವರು ನೀರಿನ ಬಣ್ಣ ಹೇಳಲಿಲ್ಲ, ಎಷ್ಟು ಬುಟ್ಟಿ ಎಂದೂ ಹೇಳಲಿಲ್ಲ. ‘ದೀಪಾವಳಿ ಆದ್ಮೇಲೆ ಮರಿ ಕೂತಿತ್ತು ತಮಾ, ಮೇಲ್ಗಡೆ ಬಯಲಿಗೂ ಕೂತಿತ್ತು’ ಅಂದರು. ಹಿಂದಿನ ಮಳೆಗಾಲದಲ್ಲಿ ಏನಾಗಿತ್ತು ಎಂದೆ. ‘ನೀರು ಸಪ್ಪೆ ಆದ್ರೆ ಬಾಯಿ ಬಿಡ್ತದೆ. ಅದು ಎಲ್ಲಾ ವರ್ಷ ಇದ್ದದ್ದೇ. ತಿರುಗಿ ಬಂತಾ ಇಲ್ವಾ ನೋಡ್ಬೇಕು.’

ನನಗೆ ಆ ಕೊನೆಯ ಮಾತಿನಲ್ಲಿ ಇಡೀ ವಿಷಯ ಇದೆ ಅನಿಸುತ್ತದೆ. ಮಳೆಗಾಲದ ನೆರೆ ಇಳಿದಾಗ ಅಳಿವೆಯ ಬಾಯಿಯ ತನಕ ನೀರು ಸಿಹಿಯಾಗುತ್ತದೆ, ಬಳಚು ರಾಶಿಗಟ್ಟಲೆ ಸಾಯುತ್ತದೆ. ಮಳೆ ನಿಂತು ಉಪ್ಪು ಮೇಲೇರಿದ ಹಾಗೆ ಹೊಸ ಮರಿ ಕೂರುತ್ತದೆ. ಆಷಾಢದಲ್ಲಿ ಬಂದು ಕೆಸರು ಬಗೆದವನು ಈ ಹೊಳೆ ಸತ್ತಿದೆ ಎಂದು ಬರೆಯಬಹುದು, ಮಾಘದಲ್ಲಿ ಬಂದವನು ಸಮೃದ್ಧವಾಗಿದೆ ಎಂದು ಬರೆಯಬಹುದು. ಇಬ್ಬರೂ ಸುಳ್ಳು ಬರೆದಂತಾಗುವುದಿಲ್ಲ, ಆದರೆ ಇಬ್ಬರೂ ಹೊಳೆಯನ್ನು ನೋಡಿರುವುದಿಲ್ಲ. ಸಿಹಿಯಾಗುವುದು, ಮತ್ತೆ ಉಪ್ಪಾಗುವುದು, ಕಳೆದುಕೊಂಡದ್ದು ತಿರುಗಿ ಬರುವುದು: ಅಘನಾಶಿನಿಯ ಆರೋಗ್ಯ ಈ ಓಲಾಟದಲ್ಲಿದೆ. ಒಂದು ದಿನದ, ಒಂದು ಜಾಗದ ಅಂಕಿ ಎಷ್ಟೇ ನಿಖರವಾದರೂ ಓಲಾಟವನ್ನು ಹೇಳದು.

ಓಲಾಟ ನಿಂತರೆ ಏನಾಗುತ್ತದೆ ಎಂದು ತಿಳಿಯಲು ನಾವು ಹೆಚ್ಚು ದೂರ ಹೋಗಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿ ಇದೆ. 1964ರಲ್ಲಿ ಲಿಂಗನಮಕ್ಕಿ ಮುಗಿಯಿತು, ಮುಂದೆ ಗೇರುಸೊಪ್ಪೆಯಲ್ಲಿ ಟೇಲ್‌ರೇಸ್ ಅಣೆಕಟ್ಟು ಬಂತು. ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಕೆಳಗಿಳಿಯುತ್ತದೆ. ಹಾಗಾಗಿ ಮಾರ್ಚ್ ಏಪ್ರಿಲಿನಲ್ಲಿ ಏರಬೇಕಾದಷ್ಟು ಉಪ್ಪು ಶರಾವತಿಯ ಅಳಿವೆಯಲ್ಲಿ ಏರುವುದಿಲ್ಲ. ಉಪ್ಪು ಬೇಡುವ ಮೀನು, ಚಿಪ್ಪುಗಳು ಅಲ್ಲಿ ಕಡಿಮೆಯಾದವು. ಆ ನೀರನ್ನು ಸೀಸೆಯಲ್ಲಿ ತುಂಬಿ ಬಿಒಡಿ ನೋಡಿದರೆ ತೊಂದರೆ ಕಾಣದು. ಸಿಹಿನೀರು, ಆಮ್ಲಜನಕ ಬೇಕಾದಷ್ಟಿದೆ. ಶುದ್ಧವಾದ ನೀರೇ ಒಂದು ಅಳಿವೆಯನ್ನು ಬಡವಾಗಿಸಬಲ್ಲದು ಎಂಬ ವಿಚಾರಕ್ಕೆ ಎ ಇಂದ ಇ ತನಕದ ದರ್ಜೆಗಳಲ್ಲಿ ಜಾಗವೇ ಇಲ್ಲ.

ಈ ಕೊರತೆಯನ್ನು ತುಂಬಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ. ಟಿ.ವಿ. ರಾಮಚಂದ್ರ ಮತ್ತು ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ.ಡಿ. ಸುಭಾಶ್ ಚಂದ್ರನ್ ಅವರ ಕೆಲಸವನ್ನು ಯಾವ ವಿಮರ್ಶೆಯೂ ಕೃತಜ್ಞತೆಯಿಂದಲೇ ಶುರು ಮಾಡಬೇಕು. ನೀರಿನ ಜೊತೆಗೆ ಅವರು ಮೀನನ್ನು, ಕಾಂಡ್ಲಾ ಗಿಡವನ್ನು, ಚಿಪ್ಪನ್ನು, ಹಕ್ಕಿಯನ್ನು, ಗಜನಿಯನ್ನು ಒಂದೇ ಹೊಳೆಯ ಅಂಗಗಳೆಂದು ನೋಡಿದರು. ಪಶ್ಚಿಮದಲ್ಲೂ ಈ ದೃಷ್ಟಿ ಬಂದದ್ದು ತಡವಾಗಿಯೇ. ಅಮೆರಿಕದ ಜೇಮ್ಸ್ ಕಾರ್ 1981ರಲ್ಲಿ ಮೀನುಗಳ ಲೆಕ್ಕದಿಂದ ಹೊಳೆಯ ಜೈವಿಕ ಸಮಗ್ರತೆಯನ್ನು ಅಳೆಯುವ ಸೂಚ್ಯಂಕ ಮಾಡಿದರು. ಯುರೋಪಿನ ಒಕ್ಕೂಟ 2000ದ ಜಲ ನಿರ್ದೇಶನದಲ್ಲಿ ನದಿಯ ‘ಒಳ್ಳೆಯ ಪರಿಸರ ಸ್ಥಿತಿ’ಯನ್ನು ಕಾನೂನಿನ ಗುರಿಯಾಗಿಸಿತು. ನಮ್ಮ ಹೊಳೆಗೆ ಆ ಕಣ್ಣು ತಂದವರು ಇವರು.

ಬಳಚಿನ ಮೇಲೆ 2008ರಲ್ಲಿ ಬಂದ ಅವರ ಅಧ್ಯಯನ ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಉಲ್ಲೇಖವಾಗಿದೆ. ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು, 2,300ಕ್ಕೂ ಮಿಕ್ಕಿ ಜನರಿಗೆ ಕೆಲಸ, 5.78 ಕೋಟಿ ರೂಪಾಯಿ ಬೆಲೆ. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಿದ್ದ ಕಾಲ ಅದು. ಹೊಳೆಯಲ್ಲಿ ಏನೂ ಇಲ್ಲ, ಬರೀ ಕೆಸರು ಎಂದವರ ಮುಂದೆ ಈ ಅಂಕಿ ಗೋಡೆಯಾಗಿ ನಿಂತಿತು. ಅದರ ಋಣ ನಮ್ಮ ಮೇಲಿದೆ.

ಆದರೂ ಒಂದು ಮಾತು ಹೇಳಲೇಬೇಕು. ರೂಪಾಯಿಯಲ್ಲಿ ಹೇಳಿದ ಬೆಲೆಗೆ ರೂಪಾಯಿಯಲ್ಲೇ ಉತ್ತರ ಬರುತ್ತದೆ. ಬಂದರಿನಿಂದ ನೂರಾರು ಕೋಟಿ ಬರುತ್ತದೆ ಎಂದು ಯಾರಾದರೂ ಎದುರು ಕೂಗಿದರೆ 5.78 ಕೋಟಿ ಸಣ್ಣದಾಗಿ ಕಾಣುತ್ತದೆ. ಆ ಅಧ್ಯಯನದ ನಿಜವಾದ ಬಲ ಬೇರೆ ಕಡೆ ಇತ್ತು: ಯಾವ ಚಿಪ್ಪು ಎಷ್ಟು ಉಪ್ಪಿನಲ್ಲಿ ಎಲ್ಲಿ ಬಾಳುತ್ತದೆ ಎಂಬ ವಿವರದಲ್ಲಿ. ಬಾಯಿಯ ಹತ್ತಿರದ ಉಪ್ಪಿಗೆ ಪಾಫಿಯಾ, ಇನ್ನಷ್ಟು ಒಳಗೆ ಮೆರೆಟ್ರಿಕ್ಸ್, ಸಿಹಿನೀರು ಹೆಚ್ಚಿರುವ ಮೇಲ್ಗಡೆ ಕಪ್ಪು ಚಿಪ್ಪಿನ ವಿಲ್ಲೋರಿಟಾ. ಇವುಗಳ ನಡುವಿನ ಗಡಿ ಮೇಲೆ ಸರಿದರೆ ಘಟ್ಟದಿಂದ ಬರುವ ನೀರು ಕಡಿಮೆಯಾಗಿದೆ, ಕೆಳಗೆ ಸರಿದರೆ ಉಪ್ಪು ಏರಲಾಗುತ್ತಿಲ್ಲ ಎಂದು ಓದಬಹುದು. ಯಂತ್ರ ಬೇಡ, ಪ್ರಯೋಗಾಲಯ ಬೇಡ. ಹಿರೇಗುತ್ತಿ, ಮಿರ್ಜಾನ, ದೀವಗಿ, ಹೆಗಡೆಯ ಕೆಸರು ಬಲ್ಲವರು ಕೈಯಲ್ಲಿ ಎತ್ತಿ ಹೇಳಬಲ್ಲ ಸೂಚಕ. ರೂಪಾಯಿ ಪತ್ರಿಕೆಗಳಲ್ಲಿ ಬಂತು, ಈ ಗಡಿಯ ಮಾತು ವರದಿಯಲ್ಲೇ ಉಳಿಯಿತು. ವರದಿ ಇಂಗ್ಲಿಷಿನಲ್ಲಿತ್ತು. ಬುಟ್ಟಿ ಹೊತ್ತವರ ಬಾಯಿಂದ ಹೋದ ತಿಳಿವಳಿಕೆ ಅವರ ಮನೆಗೆ ತಿರುಗಿ ಬರಲಿಲ್ಲ. ಇದು ಆ ತಂಡವೊಂದರ ಕೊರತೆಯಲ್ಲ, ನಮ್ಮ ವಿಜ್ಞಾನದ ಇಡೀ ನಡವಳಿಕೆಯ ಕೊರತೆ. ಹಾಗೆಂದು ಹೇಳದೆ ಬಿಡುವಂಥದ್ದೂ ಅಲ್ಲ.

ಅದೇ ಸಂಸ್ಥೆಯ ಮತ್ತೊಂದು ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳ ಜಲಾನಯನವನ್ನು ಒಂದೊಂದಾಗಿ ನೋಡಿ ಅವರು ಕಂಡದ್ದು ಇಷ್ಟು: ಶೇ 60ಕ್ಕಿಂತ ಹೆಚ್ಚು ಸಹಜ ಕಾಡಿರುವ ಕಡೆ ಹಳ್ಳ ವರ್ಷವಿಡೀ ಹರಿಯುತ್ತದೆ, ಶೇ 30ಕ್ಕಿಂತ ಕಡಿಮೆ ಇರುವ ಕಡೆ ನಾಲ್ಕರಿಂದ ಆರು ತಿಂಗಳಲ್ಲಿ ಬತ್ತುತ್ತದೆ. ಉಪಗ್ರಹ ಚಿತ್ರಗಳಿಂದ ಅವರು ಮಾಡಿದ ಲೆಕ್ಕದಂತೆ ಉತ್ತರ ಕನ್ನಡದ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ಮೂರನೇ ಎರಡು ಪಾಲು ಇದ್ದದ್ದು 2013ಕ್ಕೆ ಮೂರನೇ ಒಂದು ಪಾಲಿಗೆ ಇಳಿದಿತ್ತು. ಈ ಎರಡನ್ನೂ ಜೋಡಿಸಿ ಓದಿದರೆ ಹಿರೇಗುತ್ತಿಯ ಕೆಸರಿಗೂ ಸಿದ್ದಾಪುರದ ಬೆಟ್ಟಕ್ಕೂ ಇರುವ ಸಂಬಂಧ ತಿಳಿಯುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಶಂಕರ ಹೊಂಡದಿಂದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ತದಡಿಯ ತನಕ ತಡೆಯಿಲ್ಲದೆ ಬರುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸರಿ. ಆದರೆ ಮೇಲಿನ ಹಳ್ಳಗಳು ಫೆಬ್ರವರಿಗೇ ಬತ್ತಿದರೆ ಅಣೆಕಟ್ಟು ಕಟ್ಟದೆಯೂ ಹೊಳೆ ಕಟ್ಟಿದಂತೆ.

ಘಟ್ಟದ ಮೇಲಿನ ಇನ್ನೊಂದು ಒತ್ತಡದ ಬಗ್ಗೆ ನಾವು ಮಾತಾಡುವುದು ಕಡಿಮೆ, ಏಕೆಂದರೆ ಅದು ನಮ್ಮವರದೇ ಅನ್ನದ ವಿಷಯ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತದಲ್ಲಿ ತಾಮ್ರ ಇದೆ. ತೋಟಗಳೆಲ್ಲ ಹಳ್ಳದ ಬದಿಯವು, ಹೊಡೆಯುವುದು ಮಳೆಯ ನಡುವಿನ ಹೊಳವಿನಲ್ಲಿ. ತಾಮ್ರ ನೀರಿನ ಹುಳುಗಳಿಗೆ, ಮೀನಿನ ಮರಿಗಳಿಗೆ ವಿಷ ಎಂಬುದು ಹಳೆಯ ಸಂಗತಿ. ಎ ಇಂದ ಇ ತನಕದ ದರ್ಜೆಗೆ ತಾಮ್ರ ಲೆಕ್ಕಕ್ಕಿಲ್ಲ. ಇಂಥದ್ದನ್ನು ಹಿಡಿಯಲು ಸುಲಭದ ದಾರಿ ಹಳ್ಳದ ಕಲ್ಲು ಮಗುಚಿ ನೋಡುವುದು. ಅಡಿಯಲ್ಲಿ ಅಂಟಿಕೊಂಡಿರುವ ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳಿದ್ದರೆ ಹಳ್ಳ ಸುಖವಾಗಿದೆ. ಕೆಂಪು ಹುಳು ಮಾತ್ರ ಉಳಿದಿದ್ದರೆ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಿನಿಸಾಸ್ ಎಂಬ ಇದೇ ಬಗೆಯ ಪರೀಕ್ಷೆಯನ್ನು ಶಾಲೆಯ ಮಕ್ಕಳು ಮಾಡುತ್ತಾರೆ. ಅಡಿಕೆ ಬೆಳೆಗಾರರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕೊಳೆ ಬಂದ ವರ್ಷದ ಸಂಕಟ ನನಗೆ ಗೊತ್ತು. ಅಳೆಯದೆ ಬಿಟ್ಟದ್ದನ್ನು ಸರಿಪಡಿಸಲು ಯಾರಿಗೂ ದಾರಿ ಇರುವುದಿಲ್ಲ, ಅಷ್ಟೆ.

ಗಜನಿಯ ಕಥೆ ಎಲ್ಲಕ್ಕಿಂತ ಹತ್ತಿರದ್ದು. ಮಳೆ ಬಿದ್ದು ಉಪ್ಪು ತೊಳೆದಾಗ ಕಗ್ಗ ಭತ್ತ ಬಿತ್ತುವುದು, ಕೊಯ್ಲಾದ ಮೇಲೆ ಒಡ್ಡಿನ ತೂಬಾದ ಜಂತ್ರಡಿ ಎತ್ತಿ ಉಪ್ಪುನೀರು ಬಿಟ್ಟು ಶೆಟ್ಲಿ ಮೀನು ಬೆಳೆಯಲು ಬಿಡುವುದು. ಕಗ್ಗದ ಕೂಳೆ ಮೀನಿಗೆ ಮೇವು, ಮೀನು ಬಿಟ್ಟದ್ದು ಮುಂದಿನ ಕಗ್ಗಕ್ಕೆ ಗೊಬ್ಬರ. ಹೊಳೆಯ ಓಲಾಟವನ್ನೇ ಬೇಸಾಯವಾಗಿಸಿದ ಜಾಣತನ ಅದು. ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡು ಬಂತು, 90ರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ಬಂತು, ರೋಗ ತಗುಲಿ ಇಳಿಯಿತು. ಹಲವು ಕಡೆ ಗಜನಿ ವರ್ಷವಿಡೀ ಮೀನಿನ ಗುತ್ತಿಗೆಗೆ ಹೋಯಿತು. ಗುತ್ತಿಗೆ ಹಿಡಿದವನಿಗೆ ಉಪ್ಪುನೀರು ಹೊರಗೆ ಬಿಡಲು ಮನಸ್ಸಿಲ್ಲ. ನೀರು ಬಿಡದೆ ಕಗ್ಗ ಇಲ್ಲ. ಮಾಣಿಕಟ್ಟೆಯಲ್ಲಿ ಕಗ್ಗದ ಬೀಜ ಉಳಿಸಿಕೊಂಡವರಿದ್ದಾರೆ ಎಂಬುದು ಸಮಾಧಾನ. ಹೊಳೆಯ ಆರೋಗ್ಯ ನೋಡಲು ಬಂದವರು ಜಂತ್ರಡಿಯ ಹಲಗೆ ಯಾವ ತಿಂಗಳಲ್ಲಿ ಎದ್ದಿತು, ಯಾವ ತಿಂಗಳಲ್ಲಿ ಇಳಿಯಿತು ಎಂದು ಕೇಳಬೇಕು. ಆ ಹಲಗೆ ಇಡೀ ವರ್ಷ ಒಂದೇ ಕಡೆ ನಿಂತಿದ್ದರೆ ಅಲ್ಲಿ ಏನೋ ಕೆಟ್ಟಿದೆ.

2023ರ ಫೆಬ್ರವರಿ 14ರಿಂದ ಅಘನಾಶಿನಿ ಅಳಿವೆ, ಜೌಗುಭೂಮಿಗಳ ಅಂತರರಾಷ್ಟ್ರೀಯ ಒಪ್ಪಂದದಡಿ, ರಾಮ್ಸರ್ ತಾಣ. 4,801 ಹೆಕ್ಟೇರು, ರಂಗನತಿಟ್ಟಿನ ನಂತರ ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆಗೆ ರಾಜ್ಯಕ್ಕೆ ಬಂದ ಗೌರವ. 6,000ದಿಂದ 7,500 ಕುಟುಂಬಗಳು ಈ ಅಳಿವೆಯಿಂದ ಬದುಕುತ್ತವೆ ಎಂದು ಘೋಷಣೆಯ ವಿವರದಲ್ಲೇ ಇದೆ. ಒಪ್ಪಂದದಂತೆ ಆರು ವರ್ಷಕ್ಕೊಮ್ಮೆ ತಾಣದ ಮಾಹಿತಿ ಪರಿಷ್ಕರಿಸಿ, ಅದರ ಪರಿಸರ ಸ್ವಭಾವ ಬದಲಾಗಿದ್ದರೆ ತಿಳಿಸಬೇಕು. ಸ್ವಭಾವ ಎಂಬ ಈ ಮಾತು ನನಗೆ ಇಷ್ಟವಾಯಿತು. ದರ್ಜೆಗಿಂತ ಅದು ಹೊಳೆಗೆ ಹತ್ತಿರದ ಮಾತು. ಆದರೆ ಬದಲಾಯಿತು ಎನ್ನಲು ಮೊದಲು ಹೇಗಿತ್ತು ಎಂಬ ಲೆಕ್ಕ ಬೇಕು, ತಿಂಗಳು ತಿಂಗಳಿನ ಉಪ್ಪಿನ ಲೆಕ್ಕ, ಮರಿ ಕೂತ ಬಯಲುಗಳ ಲೆಕ್ಕ. ಅಘನಾಶಿನಿಯನ್ನು ವೇದಾವತಿಗೆ, ಬೇಡ್ತಿಯನ್ನು ವರದೆಗೆ ಜೋಡಿಸುವ ಯೋಜನೆಗಳ ಮಾತು ಮತ್ತೆ ಮತ್ತೆ ಏಳುತ್ತಿರುವಾಗ ಇದು ತುರ್ತು. ‘ಸಮುದ್ರಕ್ಕೆ ಸೇರಿ ವ್ಯರ್ಥವಾಗುವ ನೀರು’ ಎಂದು ಆ ಯೋಜನೆಗಳ ಪರವಾಗಿ ಹೇಳುವುದು ಮಳೆಗಾಲದ ಇದೇ ನೀರನ್ನು: ಗಜನಿಯ ಉಪ್ಪು ತೊಳೆಯುವ, ಬಯಲಿಗೆ ಮಣ್ಣು ತರುವ, ಬಳಚಿನ ವರ್ಷವನ್ನು ಹೊಸದಾಗಿ ಶುರು ಮಾಡುವ ನೀರನ್ನು.

ಲೆಕ್ಕ ಇಡುವುದು ಕಷ್ಟವಲ್ಲ. ಉಪ್ಪು ನೋಡುವ ಅಂಗೈಯಗಲದ ಉಪಕರಣ ಒಂದು ಪ್ರೌಢಶಾಲೆ ಕೊಳ್ಳಬಹುದಾದ ಬೆಲೆಯದ್ದು. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ತಿಂಗಳಿಗೆರಡು ಸಲ, ಹುಣ್ಣಿಮೆ ಅಮಾವಾಸ್ಯೆಯ ಇಳಿತಕ್ಕೆ, ನಾಲ್ಕು ಊರುಗಳಲ್ಲಿ. ಪಕ್ಕದ ಅಂಕಣದಲ್ಲಿ ಆ ದಿನ ಬುಟ್ಟಿಯಲ್ಲಿ ಯಾವ ಚಿಪ್ಪಿತ್ತು ಎಂದು. ಹೋದ ಸಲ ಆ ಹಿರಿಯಮ್ಮನಿಗೆ ಇದನ್ನು ಹೇಳಿದಾಗ, ಬರೆಯುವವರು ಆಷಾಢದಲ್ಲೂ ಬರುತ್ತಾರೆಯೇ ಎಂದು ಕೇಳಿದರು. ಆಗ ಹಿಡಿಯಲು ಏನೂ ಇರುವುದಿಲ್ಲವಲ್ಲ ಎಂದೆ. ಅವರು ಬುಟ್ಟಿಯೊಳಗಿನ ಒಂದು ಸಣ್ಣ ಬಳಚು ಆರಿಸಿ ನನ್ನ ಅಂಗೈಯಲ್ಲಿಟ್ಟರು. ಚಿಪ್ಪಿನ ಮೇಲೆ ಉಗುರಿನ ಗೆರೆಯಂಥ ಸಾಲುಗಳಿದ್ದವು. ಒಂದು ಗೆರೆ ಉಳಿದವಕ್ಕಿಂತ ಕಪ್ಪಾಗಿತ್ತು. ‘ಇದು ಸಪ್ಪೆನೀರು ದಾಟಿ ಬಂದದ್ದು’ ಅಂದರು. ‘ಆಗ ಬರದಿದ್ರೆ ಇದನ್ನ ಎಲ್ಲಿ ಬರೀತ್ರಿ?’